ತುಂಬು ಬಸುರಿಗೆ ಕಾಮಾಲೆ: ಮದ್ದಿಗೆ ಮುಂಚೆ ರಕ್ತಪರೀಕ್ಷೆ

ಅಡಿಕೆ ಸೋಗೆ ಹಳದಿಯಾಯಿತೆಂದು ನಮ್ಮ ಸದಸ್ಯರು ಒಡನೆ ಗೊಬ್ಬರ ಸುರಿಯುವುದಿಲ್ಲ. ಬಸಿಗಾಲುವೆ ಕಟ್ಟಿದೆಯೇ, ಬೇರುಹುಳ ಬಿದ್ದಿದೆಯೇ, ಇಲ್ಲ ಹಳದಿ ಎಲೆ ರೋಗವೇ ಬಂತೇ ಎಂದು ಬುಡ ಕೆದಕಿ ನೋಡುತ್ತಾರೆ. ಆದರೆ ಮನೆಯ ಬಸುರಿ ಹೆಣ್ಣುಮಗಳ ಕಣ್ಣು ಹಳದಿಯಾದರೆ ನಮಗೆ ಗೊತ್ತಿರುವುದು ಒಂದೇ ಹೆಸರು, ಕಾಮಾಲೆ. ಮದ್ದೂ ಒಂದೇ, ನೆಲನೆಲ್ಲಿ ಅರೆದು ಮೂರು ಬೆಳಗ್ಗೆ ಕುಡಿಸಿ ಪಥ್ಯ ಹಿಡಿಯುವುದು. ಉಳಿದವರಿಗಾದರೆ ಹೆಚ್ಚಿನ ಸಲ ಕಾಮಾಲೆ ತಾನಾಗಿ ಇಳಿಯುತ್ತದೆ, ಕೀರ್ತಿ ಮದ್ದಿಗೆ ಹೋಗುತ್ತದೆ. ಏಳು ತಿಂಗಳು ದಾಟಿದ ಬಸುರಿಯ ವಿಷಯ ಹಾಗಲ್ಲ. ಆ ಮೂರು ದಿನದಲ್ಲಿ ತಾಯಿ ಮಗು ಇಬ್ಬರೂ ಕೈಬಿಟ್ಟು ಹೋಗಬಹುದು.

ಸಹಕಾರ ಸಂಘದ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಕೇಳುವವರಿದ್ದಾರೆ. ನಾನು ವೈದ್ಯನಲ್ಲ. ಆದರೆ ತೋಟದ ಮನೆಯಿಂದ ದೊಡ್ಡ ಆಸ್ಪತ್ರೆಗೆ ಘಟ್ಟದ ರಸ್ತೆಯಲ್ಲಿ ಎರಡು ಮೂರು ತಾಸು ಹಿಡಿಯುತ್ತದೆ. ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಡಾಕ್ಟರಲ್ಲ, ಮನೆಯ ಹಿರಿಯರು, ಇಲ್ಲವೆ ಜೀಪಿನ ಕೀಲಿ ಇಟ್ಟುಕೊಂಡ ತೋಟದ ಯಜಮಾನರು.

ಕೊನೆಯ ತಿಂಗಳುಗಳಲ್ಲಿ ಲಿವರ್ ಹಠಾತ್ತನೆ ಕೈಕೊಡುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಯಾವುದು ಎಂದು ಗುರುತಿಸುವುದರ ಮೇಲೆಯೇ ಚಿಕಿತ್ಸೆ ನಿಂತಿದೆ. ಎರಡರಲ್ಲಿ ಹೆರಿಗೆ ಮಾಡಿಸುವುದೇ ಮದ್ದು. ಮೂರನೆಯದರಲ್ಲಿ ಅವಸರದ ಹೆರಿಗೆಯಿಂದ ತಾಯಿಗೆ ಗುಣವಾಗದು.

ಮೊದಲನೆಯದು ಬಸುರಿನಲ್ಲಿ ಮಾತ್ರ ಬರುವ ಕೊಬ್ಬಿನ ಲಿವರ್ ಕಾಯಿಲೆ. ಆಸ್ಪತ್ರೆಯ ಚೀಟಿಯಲ್ಲಿ ಎ.ಎಫ್.ಎಲ್.ಪಿ. ಎಂದು ಬರೆಯುತ್ತಾರೆ. ಕುಡಿತಕ್ಕೋ ಬೊಜ್ಜಿಗೋ ಬರುವ ಕೊಬ್ಬು ಇದಲ್ಲ. ದಿನಗಳೊಳಗೆ ಲಿವರಿನ ಕಣಕಣದಲ್ಲೂ ಸಣ್ಣ ಕೊಬ್ಬಿನ ಹನಿ ತುಂಬಿ ಅದರ ಕೆಲಸ ನಿಲ್ಲುತ್ತದೆ. ಚೊಚ್ಚಲು ಬಸುರಿನಲ್ಲೂ ಅವಳಿ ಬಸುರಿನಲ್ಲೂ ಹೆಚ್ಚು. ಶುರುವಾಗುವುದು ಬಹಳ ಸಾಧುವಾಗಿ: ಮೂರನೇ ತಿಂಗಳಿಗೇ ನಿಂತಿದ್ದ ವಾಂತಿ ಎಂಟನೇ ತಿಂಗಳಲ್ಲಿ ಮತ್ತೆ ಬರುತ್ತದೆ, ಸುಸ್ತು, ಹೊಟ್ಟೆನೋವು, ತಡೆಯಲಾರದ ಬಾಯಾರಿಕೆ. "ಅತ್ತೆ, ಏನೂ ಸೇರೋದಿಲ್ಲ" ಎಂದು ಸೊಸೆ ಹೇಳಿದರೆ "ಬಸುರಿ ಅಂದಮೇಲೆ ಇದ್ದದ್ದೇ ಕಣೇ, ಶುಂಠಿ ಕಷಾಯ ಕುಡಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಣ್ಣು ಹಳದಿಯಾಗುವುದು ಆಮೇಲೆ. ಅದಾದ ಮೇಲೆ ಹಗಲು ಮಂಪರು, ರಾತ್ರಿ ಎಚ್ಚರ, ತಲೆಬುಡವಿಲ್ಲದ ಮಾತು. ನಮ್ಮ ಕಡೆ ಇದನ್ನು ಕಂಡು ಏನೋ ಸೋಕಿದೆಯೆಂದು ಹರಕೆ ಹೊತ್ತವರೂ ಉಂಟು. ಸೋಕಿದ್ದೇನೂ ಇಲ್ಲ. ಲಿವರ್ ಕಳೆಯಬೇಕಾದ ವಿಷ ಮಿದುಳಿಗೆ ಏರಿರುತ್ತದೆ, ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಿರುತ್ತದೆ.

ಇದನ್ನು ಗುರುತಿಸಲು ಬ್ರಿಟನ್ನಿನ ಸ್ವಾನ್ಸಿಯ ವೈದ್ಯರು 2002ರಲ್ಲಿ 14 ಲಕ್ಷಣಗಳ ಪಟ್ಟಿಯೊಂದನ್ನು ಮುಂದಿಟ್ಟರು. ಬೇರೆ ಕಾರಣ ಕಾಣದೆ ಅದರಲ್ಲಿ ಆರು ಕೂಡಿದರೆ ಈ ಕಾಯಿಲೆ ಎಂದು ಹಿಡಿಯುತ್ತಾರೆ. ವಾಂತಿ, ಹೊಟ್ಟೆನೋವು, ಬಾಯಾರಿಕೆ ಆ ಪಟ್ಟಿಯಲ್ಲೇ ಇವೆ, ಅಂದರೆ ಮನೆಯವರು ಹೇಳುವ ಮಾತಿಗೂ ಬೆಲೆಯಿದೆ. ಉಳಿದವು ಪರೀಕ್ಷೆಯ ಅಂಕಿಗಳು: ಸಕ್ಕರೆ 72 ಮಿಲಿಗ್ರಾಂಗಿಂತ ಕೆಳಗೆ, ಬಿಲಿರುಬಿನ್, ಯೂರಿಕ್ ಆಮ್ಲ, ಅಮೋನಿಯ, ಕ್ರಿಯಾಟಿನಿನ್ ಮೇಲೆ, ಬಿಳಿ ರಕ್ತಕಣ ಹೆಚ್ಚು, ರಕ್ತ ಹೆಪ್ಪುಗಟ್ಟಲು ತಡ, ಹೀಗೆ. ಲಿವರಿನ ಚೂರು ತೆಗೆದು ನೋಡುವುದೂ ಪಟ್ಟಿಯಲ್ಲಿದೆ. ಆದರೆ ರಕ್ತ ನಿಲ್ಲದವಳಿಗೆ ಸೂಜಿ ಹಾಕುವುದು ಅಪಾಯವಾದ್ದರಿಂದ ಸಾಮಾನ್ಯವಾಗಿ ಮಾಡುವುದಿಲ್ಲ. ಹಿಂದೆ ಈ ಕಾಯಿಲೆ ಬಂದ ತಾಯಂದಿರಲ್ಲಿ ಬಹುಪಾಲು ಸಾಯುತ್ತಿದ್ದರು. 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ಗಣನೆಯಲ್ಲಿ ರೋಗ ಬಂದ 57 ಮಂದಿಯಲ್ಲಿ ತೀರಿಕೊಂಡವರು ಒಬ್ಬರು. ಬೇಗ ಗುರುತಿಸುವುದು, ಗ್ಲೂಕೋಸ್ ಏರಿಸಿ ರಕ್ತ ಸರಿಪಡಿಸಿಕೊಂಡು ಬೇಗ ಹೆರಿಗೆ ಮಾಡಿಸುವುದು, ಆಮೇಲೆ ತೀವ್ರ ನಿಗಾ, ಇಷ್ಟರಿಂದ ಆ ವ್ಯತ್ಯಾಸ.

ಎರಡನೆಯದಕ್ಕೆ 1982ರಲ್ಲಿ ಅಮೆರಿಕದ ಲೂಯಿಸ್ ವೈನ್‌ಸ್ಟೈನ್ ಎಂಬ ವೈದ್ಯರು ಹೆಲ್ಪ್ ಎಂದು ಹೆಸರಿಟ್ಟರು. ಬಸುರಿಯ ರಕ್ತದೊತ್ತಡದ ಕಾಯಿಲೆಗೆ ಇದು ನಂಟು: ಕೆಂಪು ಕಣ ಒಡೆಯುತ್ತದೆ, ಪ್ಲೇಟ್‌ಲೆಟ್ ಒಂದು ಲಕ್ಷದಿಂದ ಕೆಳಗಿಳಿಯುತ್ತದೆ, ಬಲಪಕ್ಕೆಯ ಕೆಳಗೆ ನೋವು, ತಲೆನೋವು. ಇದರಲ್ಲಿ ಸಕ್ಕರೆ ಸಾಮಾನ್ಯವಾಗಿ ಕುಸಿಯುವುದಿಲ್ಲ. ಕೆಲವರಲ್ಲಿ ಒತ್ತಡ ಏರದೆಯೂ ಬರುತ್ತದೆ. ಬಿ.ಪಿ. ಸರಿಯಿದೆ ಎಂದು ಹೇಳಿ ಕಳಿಸಿದ ಮಾತ್ರಕ್ಕೆ ನೆಮ್ಮದಿಯಾಗಿ ಕೂರುವಂತಿಲ್ಲ.

ಮೂರನೆಯದು ನಮ್ಮ ದೇಶದ್ದೇ ಶಾಪ, ಹೆಪಟೈಟಿಸ್ ಇ. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ಸೇರಿ ಸುಮಾರು 29,000 ಜನ ಕಾಮಾಲೆ ಬಿದ್ದರು. ಬಸುರಿಯರೇ ಹೆಚ್ಚು ಸತ್ತದ್ದೇಕೆಂದು ಆಗ ತಿಳಿಯಲಿಲ್ಲ. ಸೋವಿಯತ್ ವಿಜ್ಞಾನಿ ಬಲಯಾನ್ ರೋಗಿಗಳ ಮಲದ ಸಾರವನ್ನು ತಾನೇ ಕುಡಿದು ಕಾಯಿಲೆ ತಂದುಕೊಂಡು, ಆ ವೈರಾಣುವನ್ನು 1983ರಲ್ಲಿ ಲೋಕಕ್ಕೆ ತೋರಿಸಿದ. ಬೇರೆಯವರಲ್ಲಿ ನೂರಕ್ಕೆ ಒಬ್ಬರೋ ಇಬ್ಬರೋ ಸಾಯುವ ಈ ಕಾಯಿಲೆಯಲ್ಲಿ, ಕೊನೆಯ ಮೂರು ತಿಂಗಳ ಬಸುರಿಯರ ಸಾವು ನೂರಕ್ಕೆ 20-25ರವರೆಗೂ ಹೋದದ್ದುಂಟು. ಲಿವರಿನ ಕಿಣ್ವಗಳು ಇದರಲ್ಲಿ ಸಾವಿರಗಟ್ಟಲೆ ಏರುತ್ತವೆ. ಕೊಬ್ಬಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ನೂರುಗಳಲ್ಲೇ ನಿಲ್ಲುತ್ತವೆ. ಖಚಿತಪಡಿಸಲು ಐಜಿಎಂ ಪರೀಕ್ಷೆ ಇದೆ. ಮಳೆಗಾಲದಲ್ಲಿ ಲೈನ್ ಮನೆಗಳಿಗೆ ಹಳ್ಳದ ನೀರು ಬಿಡುವ ಸದಸ್ಯರು ಕುದಿಸಿದ ನೀರಿನ ಏರ್ಪಾಡನ್ನು ತಾವೇ ಮಾಡಿಕೊಡತಕ್ಕದ್ದು. ಸೌದೆಯ ಖರ್ಚು ನೋಡಬಾರದು.

ನಮ್ಮ ಸೀಮೆಯಲ್ಲಿ ಇಲಿಜ್ವರವನ್ನೂ ಮರೆಯುವಂತಿಲ್ಲ. ಗದ್ದೆ ಅಡಿಕೆತೋಟದ ಕೆಸರಲ್ಲಿ ಕೆಲಸ ಮಾಡಿದವಳಿಗೆ ಜ್ವರ, ಮೀನಖಂಡದ ನೋವು, ಕೆಂಗಣ್ಣು, ಕಾಮಾಲೆ ಬಂದರೆ ಅದೂ ಇರಬಹುದು, ಅದಕ್ಕೆ ಬೇರೆ ಔಷಧ. ಅಂಗೈ ಅಂಗಾಲು ರಾತ್ರಿಯೆಲ್ಲ ತುರಿಸುವ ಇನ್ನೊಂದು ಕಾಯಿಲೆಯಿದೆ. ಅದರಲ್ಲಿ ತಾಯಿಯ ಲಿವರ್ ಕೆಡುವುದಿಲ್ಲವಾದರೂ ಮಗುವಿಗೆ ಅಪಾಯವುಂಟು, ತೋರಿಸಲೇಬೇಕು.

ಲ್ಯಾಬಿನ ಚೀಟಿ ಓದುವಾಗ ಒಂದು ಮಾತು. ಆಲ್ಕಲೈನ್ ಫಾಸ್ಫಟೇಸ್ ಮಾತ್ರ ಹೆಚ್ಚಿದ್ದರೆ ಗಾಬರಿ ಬೇಡ, ಮಾಸು ಸಹ ಅದನ್ನು ತಯಾರಿಸುತ್ತದೆ. ಆದರೆ ಬಿಲಿರುಬಿನ್, ಎ.ಎಲ್.ಟಿ., ಐ.ಎನ್.ಆರ್. ಇವು ಬಸುರಾದ ಮಾತ್ರಕ್ಕೆ ಏರುವುದಿಲ್ಲ. ಐ.ಎನ್.ಆರ್. 1.5 ದಾಟಿ ಮಾತು ತಪ್ಪುತ್ತಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಹಾಸಿಗೆ ಹುಡುಕುತ್ತಾ ಕೂರಬೇಡಿ. ರಕ್ತನಿಧಿ, ತೀವ್ರ ನಿಗಾ ಘಟಕ, ಹೆರಿಗೆ ತಜ್ಞರು ಮೂರೂ ಒಂದೇ ಕಡೆ ಇರುವಲ್ಲಿಗೆ ಹೋಗಬೇಕು. ಗ್ಲೂಕೋಸ್ ಮಾತ್ರ ಇಲ್ಲಿಂದಲೇ ಏರಿಸಿಕೊಂಡು ಹೊರಡಲು ಹೇಳಿ. 108ಕ್ಕೆ ಫೋನ್ ಮಾಡುವಾಗ "ತುಂಬು ಬಸುರಿ, ಕಾಮಾಲೆ, ಮಂಪರು" ಎಂಬ ಮೂರು ಮಾತನ್ನೂ ಹೇಳಿರಿ. ತಾಯಿ ಕಾರ್ಡ್ ಜೊತೆಗಿರಲಿ. ಅಸ್ಸಾಮಿನಿಂದ ಬಂದ ಕೆಲಸದವಳಾದರೆ ಅವಳ ಭಾಷೆ ಬಲ್ಲ ಒಬ್ಬರನ್ನು ಜೊತೆಗೆ ಕಳಿಸಿರಿ. ವಾಂತಿ ಎಂದಿನಿಂದ ಎಂಬುದನ್ನು ಡಾಕ್ಟರಿಗೆ ಯಾರಾದರೂ ಹೇಳಬೇಕಲ್ಲ. ಕೊಟ್ಟ ನಾಟಿ ಮದ್ದು, ನುಂಗಿದ ಪ್ಯಾರಸಿಟಮಾಲ್ ಲೆಕ್ಕವನ್ನೂ ಮುಚ್ಚಿಡಬೇಡಿ.

ಕೊಬ್ಬಿನ ಕಾಯಿಲೆಯಿಂದ ತಾಯಿ ಉಳಿದು ಬಂದಳೆಂದರೆ ಅವಳ ಲಿವರ್ ಸಾಮಾನ್ಯವಾಗಿ ಪೂರ್ತಿ ಸುಧಾರಿಸುತ್ತದೆ. ಆದರೆ ಮಗುವನ್ನು ಪರೀಕ್ಷಿಸಬೇಕು. ಕೆಲವು ಮಕ್ಕಳಲ್ಲಿ ಕೊಬ್ಬನ್ನು ಕರಗಿಸುವ ಕಿಣ್ವವೊಂದು ಹುಟ್ಟಿನಿಂದಲೇ ಇರುವುದಿಲ್ಲ. ತಾಯಿಯ ಕಾಯಿಲೆಗೆ ಅದೂ ಒಂದು ಕಾರಣ. ಅಂಥ ಮಗು ಹಸಿದು ಮಲಗಿದರೆ ಸಕ್ಕರೆ ಕುಸಿದು ಪ್ರಾಣಾಪಾಯವಾಗುತ್ತದೆ, ಹೊತ್ತು ತಪ್ಪದೆ ಹಾಲೂಡಿಸಬೇಕು. ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲಿ ದೊಡ್ಡ ಪ್ರಯೋಗಾಲಯದವರು ಇದನ್ನು ಪತ್ತೆ ಮಾಡುತ್ತಾರೆ. ತಂದೆ ತಾಯಿ ಇಬ್ಬರಿಂದಲೂ ಬಂದ ದೋಷವಾದ್ದರಿಂದ ಮುಂದಿನ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವವಿದೆ. ತಾಯಿ ಕಾರ್ಡ್ ಬರೆಸುವ ದಿನವೇ ಹಿಂದಿನ ಸಲದ ಸಂಗತಿಯನ್ನು ಡಾಕ್ಟರಿಗೆ ತಿಳಿಸಿರಿ.