ಮುಗಿಲ ಮರೆಯ ನೆಲ

2018ರ ಆಗಸ್ಟ್ ತಿಂಗಳು. ಕೇರಳದ ಮೇಲೆ ಮಳೆ ಹಗಲಿರುಳೆನ್ನದೆ ಸುರಿಯಿತು. ನದಿಗಳು ದಂಡೆ ಮೀರಿದವು. ಕುಟ್ಟನಾಡಿನ ತಗ್ಗಿನಲ್ಲಿ ಮನೆಮಠಗಳು ಮುಳುಗಿದವು. ಎಲ್ಲಿ ನೀರು, ಎಲ್ಲಿ ನೆಲ ಎಂಬುದು ತಿಳಿದರಲ್ಲವೇ ದೋಣಿಯನ್ನು ಎತ್ತ ಕಳುಹಬೇಕೆಂಬ ನಿಶ್ಚಯ? ಆದರೆ ಬೆಳಕಿನ ನೆರವಿನಿಂದ ಚಿತ್ರ ತೆಗೆಯುವ ಉಪಗ್ರಹಗಳಿಗೆ ದಟ್ಟ ಮೋಡದ ದಿನಗಳಲ್ಲಿ ಕಾಣುವುದು ಮೋಡದ ಬೆನ್ನು ಮಾತ್ರ.

ಇಂಥ ವೇಳೆಗೆ ಒದಗುವುದೇ ರೇಡಾರ್. 2014ರಲ್ಲಿ ಯುರೋಪಿನವರು ಹಾರಿಸಿದ ಸೆಂಟಿನೆಲ್-1 ಸೂರ್ಯನಿಗಾಗಿ ಕಾಯುವುದಿಲ್ಲ. ಸುಮಾರು 5.6 ಸೆಂಟಿಮೀಟರ್ ಉದ್ದದ ಅಲೆಗಳನ್ನು ತಾನೇ ನೆಲಕ್ಕೆ ಕಳುಹಿ, ಮರಳಿ ಬಂದುದನ್ನು ಅಳೆಯುತ್ತದೆ. ಆ ಅಲೆಗಳಿಗೆ ಮೋಡವೂ ಅಡ್ಡಿಯಲ್ಲ, ಇರುಳೂ ಅಡ್ಡಿಯಲ್ಲ. ಕೇರಳದ ನೆರೆಯ ಹರಹನ್ನು ಅದರ ಚಿತ್ರಗಳಿಂದಲೂ ಗುರುತಿಸಲಾಯಿತು.

ಆದರೆ ಆ ಚಿತ್ರವನ್ನು ಓದುವುದು ಸುಲಭವಲ್ಲ. ನಿಶ್ಚಲವಾದ ನೀರು ಕನ್ನಡಿಯಂತೆ ಅಲೆಯನ್ನು ಆಚೆಗೆ ಚಿಮ್ಮಿಸುವುದರಿಂದ ಕಪ್ಪಾಗಿ ತೋರುತ್ತದೆ. ನೆಲಕ್ಕೂ ಗೋಡೆಗೂ ಬಡಿದು ಮರಳುವ ಅಲೆಯಿಂದ ಊರು ಬೆಳ್ಳಗೆ ಹೊಳೆಯುತ್ತದೆ. ಎಲೆಕೊಂಬೆಗಳಲ್ಲಿ ಅಲೆ ಚದುರುವ ಕಾಡು ಬೂದುಬಣ್ಣ. ಇವೆಲ್ಲದರ ಮೇಲೆ ಎಳ್ಳು ಚೆಲ್ಲಿದಂತೆ ಚುಕ್ಕೆಗಳು! ಒಂದೊಂದೇ ಬಿಂದುವನ್ನು ನೋಡಿ ನಿರ್ಣಯಿಸಿದರೆ ಮೋಸಹೋಗುವುದು ಖಂಡಿತ.

ಇಲ್ಲಿಯೇ ‘ಡೀಪ್ ಲರ್ನಿಂಗ್’ ಎಂಬ ವಿಧಾನದ ಪ್ರಯೋಜನ. ಇದರಲ್ಲಿ ಕಂಪ್ಯೂಟರಿಗೆ ನಿಯಮಗಳನ್ನು ಬರೆದುಕೊಡುವುದಿಲ್ಲ. ಇದು ನೀರು, ಇದು ಕಾಡು, ಇದು ಊರು ಎಂದು ಗುರುತು ಹಾಕಿದ ಸಾವಿರಾರು ಚಿತ್ರಗಳನ್ನು ಅದರ ಮುಂದಿಡುತ್ತಾರೆ. ಅದು ಊಹಿಸುತ್ತದೆ, ತಪ್ಪಿದಾಗಲೆಲ್ಲ ತನ್ನೊಳಗಿನ ಅಂಕಿಗಳನ್ನು ತುಸುತುಸುವೇ ತಿದ್ದಿಕೊಳ್ಳುತ್ತದೆ. ಬಿಂದುವಿನೊಡನೆ ಅದರ ನೆರೆಹೊರೆಯನ್ನೂ ನೋಡುವುದು ಅದರ ಹೆಚ್ಚುಗಾರಿಕೆ. 2015ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾನಿಲಯದಲ್ಲಿ, ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಜೀವಕೋಶಗಳ ಅಂಚನ್ನು ಗುರುತಿಸಲೆಂದು ರಚಿತವಾದ ‘ಯು-ನೆಟ್’ ಇಂದು ನೆರೆನೀರಿನ ಅಂಚನ್ನೂ ಗುರುತಿಸುತ್ತಿರುವುದು ಸೋಜಿಗವೇ ಸರಿ.

ಆದರೂ ಒಂದು ತೊಡಕುಂಟು. ಕುಟ್ಟನಾಡಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. ನೆರೆಯಿಲ್ಲದ ದಿನಗಳಲ್ಲಿಯೂ ಅಲ್ಲಿ ನೀರು ನಿಲ್ಲುವುದುಂಟು. ರೈತ ತಾನಾಗಿ ನಿಲ್ಲಿಸಿದ ನೀರೂ ಕಪ್ಪು, ಬೆಳೆಯನ್ನು ನುಂಗಿದ ನೀರೂ ಕಪ್ಪು! ಗಾಳಿಗೆ ಕದಡಿದ ನೀರಾದರೋ ಕಪ್ಪನ್ನೇ ಕಳೆದುಕೊಳ್ಳುತ್ತದೆ. ನೆರೆಗೆ ಮುಂಚಿನ ಚಿತ್ರದೊಡನೆ ಹೋಲಿಸಿ, ನೆಲವನ್ನು ಬಲ್ಲವರನ್ನು ಕೇಳಿ ಗುರುತು ಹಾಕದಿದ್ದರೆ ಯಂತ್ರ ಕಲಿಯುವುದು ತಪ್ಪು ಪಾಠವನ್ನೇ. ಆ ತಪ್ಪಿನಿಂದ ದೋಣಿ ದಾರಿತಪ್ಪಬಹುದು. ಬೆಳೆ ಕಳೆದುಕೊಂಡವನ ಹೆಸರು ಪಟ್ಟಿಯಿಂದ ಬಿಟ್ಟುಹೋಗಬಹುದು.

ಗುರುತು ಹಾಕುವ ಕೆಲಸ ಎಷ್ಟು ದುಬಾರಿ ಎಂಬುದಕ್ಕೆ 2020ರಲ್ಲಿ ಪ್ರಕಟವಾದ ಒಂದು ಸಂಗ್ರಹವೇ ಸಾಕ್ಷಿ. ಜಗತ್ತಿನ 11 ನೆರೆಗಳಿಂದ ಆಯ್ದ 4,831 ಚಿತ್ರಖಂಡಗಳಲ್ಲಿ ಮನುಷ್ಯರು ಕೈಯಾರೆ ಗುರುತಿಸಿದ್ದು 446ನ್ನು ಮಾತ್ರ. ಉಳಿದವನ್ನು ಯಂತ್ರವೇ ಗುರುತಿಸಿತು.

2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಭಾರತ-ಅಮೆರಿಕಗಳ ‘ನೈಸಾರ್’ ಮೇಲೇರಿತು. ಬೆಂಗಳೂರಿನಲ್ಲಿ ಜೋಡಣೆಗೊಂಡ ಈ ಉಪಗ್ರಹದ ಎರಡು ಬಗೆಯ ಅಲೆಗಳಲ್ಲಿ ಒಂದು ಸುಮಾರು 24 ಸೆಂಟಿಮೀಟರ್ ಉದ್ದದ್ದು. ಎಲೆಗಳ ಮರೆಯನ್ನೂ ಭೇದಿಸಬಲ್ಲದು. ಕಣ್ಣು ಹೀಗೆ ತೀಕ್ಷ್ಣವಾಗುತ್ತಿದೆ. ಆದರೆ ಕಂಡದ್ದಕ್ಕೆ ಸರಿಯಾದ ಹೆಸರಿಡಬೇಕಾದರೆ, ಕೆಸರಿಗಿಳಿದು ‘ಇದು ನನ್ನ ಗದ್ದೆ’ ಎನ್ನಬಲ್ಲವನ ಮಾತನ್ನು ಇಂದಿಗೂ ಕೇಳಲೇಬೇಕು.