ತುರಿಸುವ ಲೋಹ, ತುರಿಸದ ಲೋಹ: ಗರ್ಭಿಣಿಯ ಮನೆಯವರಿಗೆ ತಿಳಿದಿರಲಿ

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆ ದ್ರಾಕ್ಷಿಗೆ ಹೆಸರುವಾಸಿ. ಕಾಮಯಗೌಂಡನ್‌ಪಟ್ಟಿ ಇರುವ ಈ ಕಣಿವೆಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಮನೆಯಲ್ಲಿ ಕನ್ನಡ ಮಾತಾಡುವ ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ಇಲ್ಲಿವೆ. ದ್ರಾಕ್ಷಿ ಬಳ್ಳಿಯ ಬೂಜು ರೋಗಕ್ಕೆ ಹಳೆಯ ಮದ್ದು ಬೋರ್ಡೋ ದ್ರಾವಣ. ಕರಾವಳಿಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಬಿಡುವುದೂ ಇದನ್ನೇ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ.

ಮೈಲುತುತ್ತು ಎಂದರೆ ತಾಮ್ರದ ಲವಣ. ಮದ್ದು ಬಿಟ್ಟು ಬಂದವರ ಕೈ ಉರಿಯುತ್ತದೆ, ಕಣ್ಣು ಕೆಂಪಾಗುತ್ತದೆ. ಆ ಲುಂಗಿ, ಅಂಗಿ ಒಗೆಯುವುದು ಮನೆಯ ಹೆಂಗಸರು. ಅವರಲ್ಲಿ ಗರ್ಭಿಣಿಯೂ ಇರಬಹುದು. ‘ಕೈ ತುರಿಸ್ತಾ ಇದೆ, ಹೊಟ್ಟೆಯಲ್ಲಿರೋ ಮಗುವಿಗೆ ಏನಾದ್ರೂ ಆಗ್ತದಾ?’ ಎಂಬ ಭಯ ಆಗ ಹುಟ್ಟುತ್ತದೆ.

ತುರಿಕೆಯೆಲ್ಲ ಅಲರ್ಜಿ ಅಲ್ಲ. ಮೈಲುತುತ್ತು, ಸುಣ್ಣ ತಾಗಿದರೆ ಯಾರ ಚರ್ಮವಾದರೂ ಉರಿಯಬಹುದು. ತಾಮ್ರದ ಅಲರ್ಜಿ ಅಪರೂಪ. ಲೋಹಗಳಲ್ಲಿ ಹೆಚ್ಚು ಅಲರ್ಜಿ ತರುವುದು ನಿಕ್ಕಲ್. ಫ್ಯಾನ್ಸಿ ಓಲೆ, ಬಳೆ, ಪ್ಯಾಂಟಿನ ಗುಂಡಿಯಲ್ಲಿ ಅದು ಇರುತ್ತದೆ. ಬೆವರಿಗೆ ನಿಕ್ಕಲ್ ಕರಗಿ ಚರ್ಮದೊಳಗೆ ಇಳಿಯುತ್ತದೆ. ಕೆಲವರ ದೇಹ ಅದನ್ನು ಶತ್ರು ಎಂದು ನೆನಪಿಟ್ಟುಕೊಳ್ಳುತ್ತದೆ. ಮುಂದೆ ತಾಗಿದಾಗಲೆಲ್ಲ ಒಂದೆರಡು ದಿನದಲ್ಲಿ ಗುಳ್ಳೆ ಏಳುತ್ತದೆ. ಸಿಮೆಂಟ್ ಕೆಲಸದವರಿಗೆ ಕ್ರೋಮಿಯಂನಿಂದ ಆಗುವುದೂ ಹೀಗೆಯೇ. ಇದು ಚರ್ಮದ ತೊಂದರೆ. ಓಲೆ ತೆಗೆದಿಟ್ಟು ಡಾಕ್ಟರಿಗೆ ತೋರಿಸಿದರೆ ಸಾಕು, ಮಗುವಿನ ಬಗ್ಗೆ ಹೆದರಬೇಕಿಲ್ಲ. ಮೆಡಿಕಲ್‌ನಿಂದ ತಾವೇ ತಂದ ಕ್ರೀಮ್ ಮಾತ್ರ ಹಚ್ಚಬಾರದು.

ನಿಜವಾಗಿ ಹೆದರಬೇಕಾದ ಲೋಹ ತುರಿಸುವುದೇ ಇಲ್ಲ. ಅದು ಸೀಸ. ತಾಯಿಯ ರಕ್ತದಿಂದ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಹಿಂದೆ ಎಂದೋ ದೇಹ ಸೇರಿದ ಸೀಸ ಮೂಳೆಯಲ್ಲಿ ಕೂತಿರುತ್ತದೆ. ಗರ್ಭಿಣಿಯಾದಾಗ ಮಗುವಿಗೆ ಬೇಕಾದ ಕ್ಯಾಲ್ಸಿಯಂ ತಾಯಿಯ ಮೂಳೆಯಿಂದಲೂ ಹೋಗುತ್ತದೆ, ಜೊತೆಗೆ ಸೀಸವೂ ಹೊರಬರುತ್ತದೆ. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಳೆಯ ಪೇಂಟ್, ಬ್ಯಾಟರಿ ಕೆಲಸ, ಕೆಲವು ಭಸ್ಮದ ಔಷಧಿಗಳಿಂದ ಸೀಸ ಮನೆಗೆ ಬರುತ್ತದೆ. 2011-12ರಲ್ಲಿ ನ್ಯೂಯಾರ್ಕ್‌ನಲ್ಲಿ ಆರು ಗರ್ಭಿಣಿಯರ ರಕ್ತದಲ್ಲಿ ಹೆಚ್ಚು ಸೀಸ ಕಂಡಿತ್ತು. ಅವರೆಲ್ಲ ಭಾರತದಲ್ಲಿ ತಯಾರಾದ ಆಯುರ್ವೇದ ಮಾತ್ರೆ ತಿಂದಿದ್ದವರು. ಇನ್ನೊಂದು ಸುರ್ಮಾ. ಅನೇಕ ಸುರ್ಮಾಗಳಲ್ಲಿ ಇರುವುದು ಸೀಸದ ಕಲ್ಲಿನ ಪುಡಿ. ಇಲ್ಲಿ ಪ್ರಶ್ನೆ ಸುನ್ನತ್ತಿನದ್ದಲ್ಲ, ಡಬ್ಬಿಯೊಳಗೆ ಏನಿದೆ ಎಂಬುದು. ಏನು ಹಾಕಿದ್ದಾರೆಂದು ಬರೆಯದ ಸುರ್ಮಾವನ್ನು ಗಲ್ಫಿನಿಂದ ಯಾರೇ ತಂದುಕೊಡಲಿ, ಗರ್ಭಿಣಿಗೂ ಬೇಡ, ಹುಟ್ಟಿದ ಮಗುವಿನ ಕಣ್ಣಿಗೂ ಬೇಡ.

ಹಾಗಾದರೆ ಗರ್ಭದಲ್ಲಿ ತಾಗಿದ ಲೋಹದಿಂದ ಮುಂದೆ ಮಗುವಿಗೆ ಅಲರ್ಜಿ, ದಮ್ಮು ಬರುತ್ತದೆಯೇ? ಜಪಾನಿನಲ್ಲಿ 2011ರಿಂದ ಸುಮಾರು ಒಂದು ಲಕ್ಷ ಗರ್ಭಿಣಿಯರನ್ನು ಸೇರಿಸಿಕೊಂಡು ತಾಯಿ-ಮಕ್ಕಳ ದೊಡ್ಡ ಅಧ್ಯಯನ ನಡೆಯುತ್ತಿದೆ, ರಕ್ತದಲ್ಲಿನ ಲೋಹವನ್ನೂ ಅಳೆದಿದ್ದಾರೆ. ಜಗತ್ತಿನ ಇಂಥ ಅಧ್ಯಯನಗಳಲ್ಲಿ ಕೆಲವು ನಂಟು ಇದೆ ಎಂದಿವೆ, ಕೆಲವು ಇಲ್ಲ ಎಂದಿವೆ. ಆದ್ದರಿಂದ ಮಗುವಿಗೆ ಅಲರ್ಜಿ ಆಯ್ತೆಂದು ‘ನೀನೇ ಏನೋ ಮಾಡಿಕೊಂಡೆ’ ಎಂದು ತಾಯಿಯನ್ನು ದೂರುವುದು ಅನ್ಯಾಯ.

ಮನೆಯವರು ಮಾಡಬಹುದಾದದ್ದು ಸುಲಭ. ಮದ್ದು ಬಿಟ್ಟವರು ತಮ್ಮ ಬಟ್ಟೆಯನ್ನು ತಾವೇ ಬೇರೆಯಾಗಿ ಒಗೆಯಲಿ, ಮಿಂದು ಒಳಗೆ ಬರಲಿ. ಮದ್ದು ಕಲಸಿದ ಬಕೆಟ್ ಅಡುಗೆಮನೆಗೆ ಬರದಿರಲಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಕಪಾಟಿನಲ್ಲಿ ಉಳಿಯದಿರಲಿ. ಇವೆರಡರ ಕೊರತೆ ಇದ್ದರೆ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ಬ್ಯಾಟರಿ, ಪೇಂಟ್ ಕೆಲಸದ ಮನೆಯಾದರೆ ಅದನ್ನು ಡಾಕ್ಟರಿಗೆ ಹೇಳಿ, ರಕ್ತದಲ್ಲಿ ಸೀಸದ ಪರೀಕ್ಷೆ ಬೇಕೇ ಎಂದು ಕೇಳಿ. ಅದು 5 ಮೈಕ್ರೋಗ್ರಾಂ (ಡೆಸಿಲೀಟರಿಗೆ) ಮುಟ್ಟಿದರೆ ಮೂಲ ಹುಡುಕಿ ನಿಲ್ಲಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ.

ತುರಿಸಿದರೆ ನಾವು ತಾನಾಗಿ ಎಚ್ಚರಾಗುತ್ತೇವೆ. ತುರಿಸದ್ದನ್ನು ಕೇಳಿಯೇ ತಿಳಿಯಬೇಕು.