ಗಿಣಿ ಕಾಯುವವರಿಗೆ ಗೊತ್ತಿರುವುದು

ಶಿರಾ ಸೀಮೆಯ ಹುಲಿಕುಂಟೆ ಕಡೆ ಜೋಳ, ಸಜ್ಜೆ ಹಾಲುಗಾಳಾದಾಗ ಹೊಲ ಕಾಯುವವರಷ್ಟು ಗಿಣಿಯನ್ನು ದಿಟ್ಟಿಸಿ ನೋಡುವವರು ಮತ್ತಾರೂ ಇಲ್ಲ. ಹಿಂಡು ಯಾವ ದಿಕ್ಕಿನಿಂದ ಬಂತು, ಬಿಸಿಲೇರಿದ ಮೇಲೆ ಯಾವ ಮರ ಸೇರಿತು, ಡಬ್ಬ ಬಡಿದು ಓಡಿಸಿದರೆ ಎಷ್ಟು ಹೊತ್ತಿಗೆ ಮರಳಿತು ಎಲ್ಲವೂ ಅವರ ಬಾಯಲ್ಲಿದೆ. ಅದನ್ನು ಬರೆದಿಡಬೇಕು ಅನ್ನುವುದು ನನ್ನ ಆಸೆ.

ಇದರಿಂದ ಏನು ಪ್ರಯೋಜನ ಎನ್ನುವವರಿಗೆ ಸಿಡ್ನಿಯ ಕತೆ ಹೇಳಬೇಕು. ಅಲ್ಲಿ ಗಿಣಿಯ ಬಳಗದ ಬಿಳಿ ಕಾಕಟೂಗಳು ಮನೆ ಮುಂದಿನ ಕಸದ ಡಬ್ಬಿಯ ಮುಚ್ಚಳ ಎತ್ತುವುದನ್ನು ಒಂದರಿಂದೊಂದು ಕಲಿತವು. 2018ಕ್ಕೆ ಮೊದಲು 3 ಬಡಾವಣೆಗಳಿಂದ ಮಾತ್ರ ಬಂದಿದ್ದ ಸುದ್ದಿ 2019ರ ಕೊನೆಗೆ 44 ಬಡಾವಣೆಗಳಿಂದ ಬಂತು. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನಕ್ಕೆ ಆಧಾರವಾದದ್ದು ಅಲ್ಲಿನ ನಿವಾಸಿಗಳು ಕಂಡು ತಿಳಿಸಿದ ಸಂಗತಿಗಳು.

ನಮ್ಮಲ್ಲಿ ಕಾಡು ಕಾಕಟೂ ಇಲ್ಲ, ಗಿಣಿಗಳಿವೆ. ಗಂಡಿನ ಕುತ್ತಿಗೆಗೆ ಗುಲಾಬಿ-ಕಪ್ಪು ಪಟ್ಟಿ ಇದ್ದರೆ ಅದು ಊರಗಿಣಿ. ಹೆಣ್ಣಿಗೂ ಮರಿಗೂ ಆ ಪಟ್ಟಿ ಎದ್ದು ಕಾಣದು. ಗಾತ್ರದಲ್ಲಿ ಚಿಕ್ಕದಾಗಿ, ಗಂಡಿನ ತಲೆ ನೇರಳೆಗೆಂಪು, ಹೆಣ್ಣಿನ ತಲೆ ಬೂದು, ಬಾಲದ ತುದಿ ಬಿಳಿ ಇದ್ದರೆ ಕೆಂದಲೆ ಗಿಣಿ. ಇದರ ಕೂಗು ಊರಗಿಣಿಯ ಕಿರುಚಾಟಕ್ಕಿಂತ ಎಷ್ಟೋ ಮೆದು.

ನಮ್ಮ ಶಿರಾ ತಾಲ್ಲೂಕಿನದೇ ಆದ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಊರವರೇ ಕಾಪಾಡಿಕೊಂಡು ಬಂದಿದ್ದಾರೆ, ನೋಡಲು ದೂರದಿಂದ ಜನ ಬರುತ್ತಾರೆ. ದಿನಾ ಕಾಣುವ ಗಿಣಿಗೆ ಆ ಮರ್ಯಾದೆ ಸಿಕ್ಕಿಲ್ಲ. ದಿನಾ ಕಾಣುತ್ತದೆ ಎಂಬ ಕಾರಣಕ್ಕೇ ಅದು ಕಡಿಮೆಯಾದರೂ ನಮ್ಮ ಲಕ್ಷ್ಯಕ್ಕೆ ಬರಲಿಕ್ಕಿಲ್ಲ.

ದಿನಾಂಕ, ಹೊತ್ತು, ಜಾಗ, ಎಷ್ಟು ಹಕ್ಕಿ, ಏನು ತಿನ್ನುತ್ತಿದ್ದವು: ಶಾಲೆಯ ನೋಟ್‌ಬುಕ್ಕಿನ ಒಂದು ಸಾಲಿಗೆ ಇಷ್ಟು ಸಾಕು. ಮೊಬೈಲ್ ಇದ್ದರೆ ಹಕ್ಕಿ ದಾಖಲಿಸುವ ‘ಈಬರ್ಡ್’ ಆ್ಯಪ್‌ನಲ್ಲಿ ಸೇರಿಸಬಹುದು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಎಣಿಕೆಗೆ ಒಂದೇ ಕಡೆ 15 ನಿಮಿಷ ನಿಂತರೂ ಆಯಿತು. ಒಂದೂ ಗಿಣಿ ಕಾಣದ ದಿನವನ್ನೂ ಬರೆಯಲೇಬೇಕು.

ಗೂಡಿನ ಮಾತು ಬೇರೆ. ಗಿಣಿ ಹಳೆಯ ಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ನಮ್ಮ ಗಿಣಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಆದರೂ ಮರಿ ಕದಿಯುವವರಿದ್ದಾರೆ. ಆದ್ದರಿಂದ ಪೊಟರೆ ಎಲ್ಲಿದೆ ಎಂಬುದು ನೋಟ್‌ಬುಕ್ಕಿನಲ್ಲೇ ಉಳಿಯಲಿ, ವಾಟ್ಸ್‌ಆ್ಯಪ್‌ಗೆ ಹೋಗುವುದು ಬೇಡ.